ಕಳೆಗೆ ನೀರು ಹಾಯಿಸುವ ಕಾವಲುಗಾರರು: ಎಂಡೊಮೆಟ್ರಿಯೋಸಿಸ್ ಮತ್ತು ಉರಿಯೂತ

ಎಂಡೊಮೆಟ್ರಿಯೋಸಿಸ್ ಅಂದರೇನು ಅಂತ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು. ಅದು ಅಲ್ಲಿಗೆ ಹೋದದ್ದು ಹೇಗೆ? ಮುಟ್ಟಿನ ರಕ್ತ ಒಂದಿಷ್ಟು ಹಿಂದಕ್ಕೆ ಹರಿಯುತ್ತದೆ, ಗರ್ಭನಾಳಗಳ ದಾರಿಯಲ್ಲಿ ಹೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿದ್ದ ತುಣುಕುಗಳು ಅಲ್ಲೇ ಬೇರು ಬಿಡುತ್ತವೆ. ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯ 1920ರ ದಶಕದಲ್ಲಿ ಕೊಟ್ಟ ವಿವರಣೆ ಇದು. ನೂರು ವರ್ಷ ಆಗುತ್ತಾ ಬಂತು, ಇವತ್ತಿಗೂ ಮೊದಲು ಹೇಳುವುದು ಇದನ್ನೇ.

ತಪ್ಪೇನಲ್ಲ. ಆದರೆ ಅರ್ಧ ಕತೆ.

1984ರಲ್ಲಿ ಒಂದು ಅಧ್ಯಯನ ಬಂತು. ಮುಟ್ಟಿನ ಹೊತ್ತಿನಲ್ಲಿ ಲ್ಯಾಪರೋಸ್ಕೋಪಿ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಶಸ್ತ್ರಚಿಕಿತ್ಸೆ) ಆದ ಹೆಂಗಸರ ಹೊಟ್ಟೆಯೊಳಗಿನ ದ್ರವವನ್ನು ತೆಗೆದು ನೋಡಿದರು. ಗರ್ಭನಾಳ ತೆರೆದೇ ಇದ್ದವರಲ್ಲಿ ನೂರಕ್ಕೆ 90 ಮಂದಿಯ ದ್ರವದಲ್ಲಿ ರಕ್ತ ಇತ್ತು. ಅಂದರೆ ಹಿಮ್ಮುಖ ಹರಿವು ಅನ್ನುವುದು ಕಾಯಿಲೆಯಲ್ಲ, ಬಹುತೇಕ ಎಲ್ಲರಿಗೂ ತಿಂಗಳು ತಿಂಗಳು ಆಗುವ ಮಾಮೂಲಿ ಸಂಗತಿ. ಆದರೆ ಎಂಡೊಮೆಟ್ರಿಯೋಸಿಸ್ ಇರುವುದು ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು 10 ಶೇಕಡಾ ಮಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ಸುಮಾರು 19 ಕೋಟಿ.

ಹಾಗಾದರೆ ಉಳಿದವರ ಹೊಟ್ಟೆಯೊಳಗೆ ಬಿದ್ದ ತುಣುಕುಗಳು ಎಲ್ಲಿ ಹೋದವು? ಯಾರು ಎತ್ತಿ ಹಾಕಿದರು? ಈ ಪ್ರಶ್ನೆ ಹಿಡಿದು ಹೊರಟರೆ ಗರ್ಭಕೋಶದ ಕತೆ ಅಲ್ಲಿಗೆ ನಿಲ್ಲುತ್ತದೆ, ರೋಗನಿರೋಧಕ ಕೋಶಗಳ ಕತೆ ಶುರುವಾಗುತ್ತದೆ. ನನ್ನ ಪ್ರಕಾರ ಈ ಕಾಯಿಲೆಯನ್ನು ನೋಡಬೇಕಾದದ್ದು ಅಲ್ಲಿಂದಲೇ.

ಮೊದಲು ಒಂದು ವಿಷಯ. ಮುಟ್ಟು ಅನ್ನುವುದೇ ಒಂದು ಉರಿಯೂತ. ಕೇಳಲು ವಿಚಿತ್ರ ಅನಿಸಬಹುದು. ತಿಂಗಳ ಕೊನೆಗೆ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿಯುತ್ತದೆ. ಅಲ್ಲಿವರೆಗೆ ಅದು ಗರ್ಭಕೋಶದ ಒಳಪದರವನ್ನು ಶಾಂತವಾಗಿ ಇಟ್ಟಿರುತ್ತದೆ, ಆ ಹಿಡಿತ ಸಡಿಲವಾದ ಕೂಡಲೇ ಪ್ರೊಸ್ಟಗ್ಲಾಂಡಿನ್ ಎಂಬ ಉರಿಯೂತದ ರಾಸಾಯನಿಕಗಳು ಏರುತ್ತವೆ, ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ, ಪದರವನ್ನು ಕರಗಿಸುವ ಕಿಣ್ವಗಳು ಕೆಲಸಕ್ಕೆ ಇಳಿಯುತ್ತವೆ. ಪದರ ಕಳಚಿ ಬೀಳುತ್ತದೆ. ಆಮೇಲೆ ಕೆಲವೇ ದಿನಗಳಲ್ಲಿ ಕೆಳಗಿನಿಂದ ಹೊಸ ಪದರ ಏಳುತ್ತದೆ. ಗಮನಿಸಬೇಕಾದ್ದು ಇದು: ಅಷ್ಟು ದೊಡ್ಡ ಗಾಯ ಒಂದು ಕಲೆಯೂ ಉಳಿಯದ ಹಾಗೆ ಮಾಯುತ್ತದೆ. ಚರ್ಮದ ಮೇಲೆ ಚಿಕ್ಕ ಗೀರಾದರೂ ಗುರುತು ಉಳಿಯುತ್ತದಲ್ವಾ? ಇಲ್ಲಿ ಸುಮಾರು 400 ಸಲ ಕಳಚಿ ಬಿದ್ದರೂ ಕಲೆ ಇಲ್ಲ. ಉರಿಯೂತ ಹೊತ್ತಿಗೆ ಸರಿಯಾಗಿ ಹತ್ತುತ್ತದೆ, ಹೊತ್ತಿಗೆ ಸರಿಯಾಗಿ ಆರುತ್ತದೆ.

ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಹತ್ತುತ್ತದೆ. ಆರುವುದಿಲ್ಲ.

ಹೊಟ್ಟೆಯೊಳಗಿನ ಕಾವಲು

ಹೊಟ್ಟೆಯ ಒಳಗೋಡೆಗೂ ಕರುಳು, ಅಂಡಾಶಯ, ಗರ್ಭಕೋಶ ಇವುಗಳ ಹೊರಮೈಗೂ ತೆಳುವಾದ ಪೊರೆ ಒಂದಿದೆ. ಅದರ ನಡುವೆ ಒಂದಿಷ್ಟು ದ್ರವ, ಕೆಲವು ಚಮಚೆಯಷ್ಟು, ಅಂಗಗಳು ಒಂದಕ್ಕೊಂದು ಉಜ್ಜದೆ ಜಾರಲಿ ಅಂತ. ಆ ದ್ರವ ಖಾಲಿ ನೀರಲ್ಲ. ಅದರಲ್ಲಿ ಓಡಾಡಿಕೊಂಡಿರುವ ಕೋಶಗಳಲ್ಲಿ ಮ್ಯಾಕ್ರೋಫೇಜ್‌ಗಳೇ ಜಾಸ್ತಿ. ಮ್ಯಾಕ್ರೋಫೇಜ್ ಅಂದರೆ ನುಂಗುವ ಕೋಶ. ಸತ್ತ ಕೋಶ, ಬ್ಯಾಕ್ಟೀರಿಯಾ, ಚೆಲ್ಲಿದ ರಕ್ತ, ಏನು ಸಿಕ್ಕರೂ ನುಂಗಿ ಜೀರ್ಣಿಸಿ ಜಾಗ ಸ್ವಚ್ಛ ಮಾಡುವುದು ಅವುಗಳ ಕೆಲಸ. ಜೊತೆಗೆ ಎನ್‌ಕೆ ಕೋಶಗಳಿವೆ, ಅಂದರೆ ನ್ಯಾಚುರಲ್ ಕಿಲ್ಲರ್‌ಗಳು. ಇರಬಾರದ ಜಾಗದಲ್ಲಿ ಇರುವ ಕೋಶ ಕಂಡರೆ ಯಾರ ಅಪ್ಪಣೆಗೂ ಕಾಯದೆ ಕೊಲ್ಲುವವು.

ಆರೋಗ್ಯವಂತರಲ್ಲಿ ಹಿಮ್ಮುಖವಾಗಿ ಬಂದ ಮುಟ್ಟಿನ ತುಣುಕುಗಳನ್ನು ಈ ತಂಡವೇ ವಿಲೇವಾರಿ ಮಾಡುತ್ತದೆ. ಕಾಯಿಲೆ ಇರುವವರಲ್ಲಿ ತಂಡ ಇಲ್ಲ ಅಂತಲ್ಲ. ವಾಸ್ತವದಲ್ಲಿ ಜಾಸ್ತಿಯೇ ಇದೆ. ಅವರ ಹೊಟ್ಟೆಯ ದ್ರವದಲ್ಲಿ ಮ್ಯಾಕ್ರೋಫೇಜ್‌ಗಳ ಸಂಖ್ಯೆ ಹೆಚ್ಚು, ಇಂಟರ್‌ಲ್ಯೂಕಿನ್ 6, ಇಂಟರ್‌ಲ್ಯೂಕಿನ್ 8, ಟಿಎನ್‌ಎಫ್ ಮುಂತಾದ ಉರಿಯೂತದ ಸಂದೇಶಗಳೂ ಹೆಚ್ಚು. ಎಲ್ಲರೂ ಹಾಜರಿದ್ದಾರೆ, ಗಲಾಟೆಯೂ ಜೋರಾಗಿದೆ, ಕಸ ಮಾತ್ರ ಅಲ್ಲೇ ಬಿದ್ದಿದೆ.

ಎನ್‌ಕೆ ಕೋಶಗಳ ವಿಷಯ ಮೊದಲು ಮುಗಿಸಿಬಿಡೋಣ. 1990ರ ದಶಕದ ಆರಂಭದಿಂದಲೇ ಗೊತ್ತಿರುವ ಸಂಗತಿ: ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಎನ್‌ಕೆ ಕೋಶಗಳ ಕೊಲ್ಲುವ ಶಕ್ತಿ ಕಡಿಮೆ. ಸಂಖ್ಯೆಗಿಂತ ಜಾಸ್ತಿ ಕುಂದಿರುವುದು ಹರಿತ. ಯಾಕೆ? ಒಂದು ಕಾರಣ, ಸುತ್ತಲಿನ ದ್ರವದಲ್ಲಿರುವ ಟಿಜಿಎಫ್ ಬೀಟಾದಂಥ ರಾಸಾಯನಿಕಗಳು ಅವುಗಳನ್ನು ಮಂಕಾಗಿಸುತ್ತವೆ. ಇನ್ನೊಂದು ಸ್ವಲ್ಪ ಮಜವಾಗಿದೆ. ಎನ್‌ಕೆ ಕೋಶ ತನ್ನ ಗುರಿಯನ್ನು ಕೊಲ್ಲಬೇಕಾದರೆ ಮೊದಲು ಅದಕ್ಕೆ ಅಂಟಿಕೊಳ್ಳಬೇಕು, ಅದಕ್ಕೆ ಗುರಿಯ ಮೈಮೇಲೆ ಹಿಡಿಕೆಯಂಥ ಅಣುಗಳಿರುತ್ತವೆ. ಒಳಪದರದ ಕೋಶಗಳು ಈ ಹಿಡಿಕೆಗಳನ್ನೇ ಕಳಚಿ ದ್ರವದಲ್ಲಿ ಬಿಟ್ಟುಬಿಡುತ್ತವೆ. ಎನ್‌ಕೆ ಕೋಶ ಬಂದು ತೇಲುವ ಹಿಡಿಕೆಯನ್ನು ಹಿಡಿದುಕೊಂಡು ಕೂತಿರುತ್ತದೆ, ಕೋಶ ಪಾರಾಗಿ ಹೋಗಿರುತ್ತದೆ.

ಮ್ಯಾಕ್ರೋಫೇಜ್ ಯಾರ ಕಡೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಕಾಯಿಲೆಯ ತಿರುವು ಇರುವುದೇ ಇಲ್ಲಿ.

ಮ್ಯಾಕ್ರೋಫೇಜ್‌ಗೆ ಇರುವುದು ಒಂದೇ ಕೆಲಸ ಅಲ್ಲ. ನುಂಗಿ ಕೊಲ್ಲುವುದು ಒಂದು. ಗಾಯ ಮಾಯಿಸುವುದು ಇನ್ನೊಂದು. ಎಲ್ಲಾದರೂ ಗಾಯ ಆದರೆ ಮೊದಲು ಅವು ಕೊಳಕು ತೆಗೆಯುತ್ತವೆ, ಆಮೇಲೆ ರೀತಿ ಬದಲಿಸಿಕೊಂಡು ಹೊಸ ರಕ್ತನಾಳ ಬೆಳೆಸಿ, ನಾರು ಹಾಸಿ, ನರ ಚಿಗುರಿಸಿ ಜಾಗವನ್ನು ರಿಪೇರಿ ಮಾಡುತ್ತವೆ. ಎರಡೂ ಬೇಕು. ಈಗ ಹೊಟ್ಟೆಯ ಪೊರೆಯ ಮೇಲೆ ಬಿದ್ದ ಒಂದು ಒಳಪದರದ ತುಣುಕನ್ನು ಯೋಚಿಸಿ. ಅದು ವೈರಿಯ ಹಾಗೆ ಕಾಣುವುದಿಲ್ಲ. ಅದು ದೇಹದ್ದೇ ಅಂಗಾಂಶ, ಪೆಟ್ಟಾಗಿದೆ, ರಕ್ತ ಸುರಿಯುತ್ತಿದೆ, ಆಮ್ಲಜನಕ ಇಲ್ಲದೆ ಒದ್ದಾಡುತ್ತಿದೆ. ಮ್ಯಾಕ್ರೋಫೇಜ್‌ನ ಕಣ್ಣಿಗೆ ಇದು ಗಾಯ. ಗಾಯಕ್ಕೆ ಏನು ಮಾಡಬೇಕೋ ಅದನ್ನೇ ಅದು ಮಾಡುತ್ತದೆ. ರಕ್ತನಾಳ ಬೆಳೆಸುವ ವಿಇಜಿಎಫ್ ಸುರಿಸುತ್ತದೆ. ತುಣುಕಿಗೆ ಊಟ ಸಿಗುತ್ತದೆ. ಬೇರು ಗಟ್ಟಿಯಾಗುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಿತು ಅಂತ ಬರೆದುಬಿಡುವುದು ಸುಲಭ, ಎಷ್ಟೋ ಕಡೆ ಹಾಗೆ ಬರೆಯುತ್ತಾರೂ ಕೂಡ. ಆದರೆ ಇಲ್ಲಿ ಬೇಲಿ ಮೇಯುತ್ತಿಲ್ಲ. ದೇಹ ತನ್ನ ಮೇಲೆ ತಾನೇ ದಾಳಿ ಮಾಡುತ್ತಿಲ್ಲ. ಕಾವಲಿಗೆ ನಿಂತವರು ಕಳೆಯನ್ನು ಬೆಳೆ ಅಂದುಕೊಂಡು ನೀರು ಹಾಯಿಸುತ್ತಿದ್ದಾರೆ, ಅದೂ ನಿಷ್ಠೆಯಿಂದ. ಈ ವ್ಯತ್ಯಾಸ ಮುಂದೆ ಔಷಧಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

2009ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಮ್ಯಾಕ್ರೋಫೇಜ್‌ಗಳನ್ನು ತೆಗೆದುಹಾಕಿದ ಇಲಿಗಳ ಹೊಟ್ಟೆಗೆ ಒಳಪದರದ ತುಣುಕು ಹಾಕಿದರೆ ತುಣುಕು ಅಂಟಿಕೊಳ್ಳುತ್ತಿತ್ತು, ಒಳಗೂ ಇಳಿಯುತ್ತಿತ್ತು. ಆದರೆ ಬೆಳೆಯುತ್ತಿರಲಿಲ್ಲ. ರಕ್ತನಾಳ ಬರುತ್ತಿರಲಿಲ್ಲ. ಅದೇ ಪ್ರಯೋಗದಲ್ಲಿ ರಿಪೇರಿ ಸ್ವಭಾವದ ಮ್ಯಾಕ್ರೋಫೇಜ್‌ಗಳನ್ನು ಕೊಟ್ಟಾಗ ತುಣುಕು ಬೇರುಬಿಟ್ಟು ಆದ ಗಂಟು ದೊಡ್ಡದಾಯಿತು, ಜಗಳಗಂಟಿ ಸ್ವಭಾವದವನ್ನು ಕೊಟ್ಟಾಗ ಸಣ್ಣದಾಯಿತು.

ಹಾಗಾದರೆ ಮ್ಯಾಕ್ರೋಫೇಜ್‌ಗಳನ್ನೇ ತೆಗೆದುಬಿಟ್ಟರೆ ಆಯಿತಲ್ಲ? ಅಷ್ಟು ಸಲೀಸಾಗಿಲ್ಲ. 2021ರಲ್ಲಿ ಬ್ರಿಟನ್ನಿನ ಸಂಶೋಧಕರು ಇಲಿಗಳ ಗಂಟುಗಳಲ್ಲಿರುವ ಮ್ಯಾಕ್ರೋಫೇಜ್‌ಗಳು ಎಲ್ಲಿಂದ ಬಂದವು ಅಂತ ಪತ್ತೆ ಮಾಡಿದರು. ಕೆಲವು ತುಣುಕಿನ ಜೊತೆಗೇ ಗರ್ಭಕೋಶದಿಂದ ಬಂದವು. ಕೆಲವು ಮೊದಲಿನಿಂದ ಹೊಟ್ಟೆಯ ದ್ರವದಲ್ಲೇ ಇದ್ದವು. ಇನ್ನು ಕೆಲವು ರಕ್ತದಿಂದ ಹೊಸದಾಗಿ ಬಂದು ಸೇರಿದವು. ಗರ್ಭಕೋಶದಿಂದ ಜೊತೆಗೆ ಬಂದವನ್ನು ಇಲ್ಲವಾಗಿಸಿದರೆ ಗಂಟು ಚಿಕ್ಕದಾಯಿತು. ರಕ್ತದಿಂದ ಹೊಸಬರು ಬರದಂತೆ ತಡೆದರೆ? ಗಂಟುಗಳ ಸಂಖ್ಯೆ ಹೆಚ್ಚಾಯಿತು! ಅಂದರೆ ಹೊಸಬರಲ್ಲಿ ಕೆಲವರು ನಿಜಕ್ಕೂ ಕಾಯುತ್ತಿದ್ದರು. ಒಂದೇ ಹೆಸರಿನ ಕೋಶ, ಒಂದು ಬಣ ಕಾಯಿಲೆಯ ಕಡೆ, ಇನ್ನೊಂದು ಬಣ ನಮ್ಮ ಕಡೆ. ಎಲ್ಲರನ್ನೂ ಒಟ್ಟಿಗೆ ಗುಡಿಸಿ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಊಹಿಸಿ.

ಕಬ್ಬಿಣ ಮತ್ತು ಕಂದು ಬಣ್ಣ

ಲ್ಯಾಪರೋಸ್ಕೋಪಿಯ ಕ್ಯಾಮೆರಾ ಹೊಕ್ಕುಳ ಹತ್ತಿರದಿಂದ ಒಳಗೆ ಹೋದಾಗ ಪರದೆಯ ಮೇಲೆ ಮೊದಲು ಕಾಣುವುದು ತಿಳಿ ಗುಲಾಬಿ ಬಣ್ಣದ, ಒದ್ದೆಯಾಗಿ ಹೊಳೆಯುವ ಪೊರೆ. ಅದರ ಮೇಲೆ ಅಲ್ಲಲ್ಲಿ ಚುಕ್ಕೆಗಳು. ಕೆಲವು ಕೆಂಪು, ಕೆಲವು ಬೆಂಕಿಕಡ್ಡಿ ಸುಟ್ಟ ಹಾಗೆ ಕಪ್ಪು, ಕೆಲವು ಬೆಳ್ಳಗೆ ಸುಕ್ಕುಗಟ್ಟಿದ ಕಲೆ. ಕೆಂಪಿನವು ಈಗ ಉರಿಯುತ್ತಿರುವವು, ಕಪ್ಪಿನವು ಹಳೆ ರಕ್ತ ಕೂಡಿಹಾಕಿಕೊಂಡವು, ಬಿಳಿಯವು ನಾರುಗಟ್ಟಿದವು ಅಂತ ಸ್ಥೂಲವಾಗಿ ಹೇಳಬಹುದು. ಅಂಡಾಶಯದಲ್ಲಿ ಚೀಲ ಇದ್ದು ಅದನ್ನು ಬಿಡಿಸಿದರೆ ಗಟ್ಟಿ ಕಂದು ದ್ರವ ನಿಧಾನಕ್ಕೆ ಇಳಿದುಬರುತ್ತದೆ, ಕರಗಿದ ಚಾಕೊಲೇಟಿನ ಹಾಗೆ. ಚಾಕೊಲೇಟ್ ಸಿಸ್ಟ್ ಅನ್ನುವ ಹೆಸರು ಹಾಗೇ ಬಂದದ್ದು. ಅದು ತಿಂಗಳುಗಟ್ಟಲೆ ಹೊರಗೆ ಹೋಗಲು ದಾರಿಯಿಲ್ಲದೆ ಕೂತ ರಕ್ತ.

ಈ ಕಂದು ಬಣ್ಣವೇ ಉರಿಯೂತಕ್ಕೆ ಸೌದೆ. ಗರ್ಭಕೋಶದ ಹೊರಗಿರುವ ಅಂಗಾಂಶವೂ ಹಾರ್ಮೋನ್‌ಗೆ ಸ್ಪಂದಿಸುತ್ತದೆ, ಒಳಗೊಳಗೇ ರಕ್ತ ಒಸರುತ್ತದೆ. ಕೆಂಪು ರಕ್ತಕಣ ಒಡೆದರೆ ಹಿಮೋಗ್ಲೋಬಿನ್, ಅದು ಒಡೆದರೆ ಕಬ್ಬಿಣ. ಮ್ಯಾಕ್ರೋಫೇಜ್ ಅದನ್ನೆಲ್ಲ ನುಂಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಕಂದು ಕಾಳುಗಳು ತುಂಬಿಕೊಂಡಿರುತ್ತವೆ, ಮೂಟೆ ಹೊತ್ತವರ ಹಾಗೆ. ಒಂದು ಮಿತಿ ದಾಟಿದರೆ ಅದೂ ಹಿಡಿಸುವುದಿಲ್ಲ. ಹೊರಗೆ ಉಳಿದ ಕಬ್ಬಿಣ ಸುತ್ತಲಿನ ಕೋಶಗಳನ್ನು ತುಕ್ಕು ಹಿಡಿಸಿದ ಹಾಗೆ ಹಾಳು ಮಾಡುತ್ತದೆ, ಎನ್‌ಎಫ್‌ ಕಪ್ಪಾ ಬಿ ಎಂಬ ಉರಿಯೂತದ ಮುಖ್ಯ ಸ್ವಿಚ್ ಒತ್ತುತ್ತದೆ. ಇನ್ನಷ್ಟು ಸಂದೇಶ, ಇನ್ನಷ್ಟು ಮ್ಯಾಕ್ರೋಫೇಜ್. ಮುಂದಿನ ತಿಂಗಳು ಇನ್ನಷ್ಟು ರಕ್ತ.

ಈಸ್ಟ್ರೋಜೆನ್ ಎಲ್ಲಿಂದ ಬಂತು?

ಎಂಡೊಮೆಟ್ರಿಯೋಸಿಸ್ ಹಾರ್ಮೋನ್ ಕಾಯಿಲೆಯೋ, ಉರಿಯೂತದ ಕಾಯಿಲೆಯೋ? ಹೀಗೆ ಕೇಳುವವರಿದ್ದಾರೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಗಂಟು ಬೆಳೆಯಲು ಬೇಕಾದ ಹಾರ್ಮೋನ್ ಈಸ್ಟ್ರೋಜೆನ್. ಅದಕ್ಕಾಗಿ ಗಂಟಿನ ಕೋಶಗಳು ಅಂಡಾಶಯವನ್ನು ಮಾತ್ರ ನೆಚ್ಚಿಕೊಂಡಿಲ್ಲ. ಅರೋಮಟೇಸ್ ಎಂಬ ಕಿಣ್ವ ಇಟ್ಟುಕೊಂಡು ಸ್ವಂತಕ್ಕೆ ತಯಾರಿಸಿಕೊಳ್ಳುತ್ತವೆ. ಆರೋಗ್ಯವಂತ ಒಳಪದರದಲ್ಲಿ ಈ ಕಿಣ್ವ ಹೆಚ್ಚುಕಡಿಮೆ ಇರುವುದೇ ಇಲ್ಲ. ಗಂಟಿನಲ್ಲಿ ಅದನ್ನು ಎಬ್ಬಿಸುವುದು ಪ್ರೊಸ್ಟಗ್ಲಾಂಡಿನ್ ಇ2, ಅಂದರೆ ಉರಿಯೂತದ ರಾಸಾಯನಿಕ. ಹಾಗೆ ಹುಟ್ಟಿದ ಈಸ್ಟ್ರೋಜೆನ್ ಕಾಕ್ಸ್ 2 ಕಿಣ್ವವನ್ನು ಏರಿಸುತ್ತದೆ, ಆ ಕಿಣ್ವ ಇನ್ನಷ್ಟು ಪ್ರೊಸ್ಟಗ್ಲಾಂಡಿನ್ ಇ2 ಮಾಡುತ್ತದೆ, ಅದು ಮತ್ತೆ ಅರೋಮಟೇಸ್. ಗಾಣದ ಎತ್ತಿನ ಹಾಗೆ ಸುತ್ತು. ಈಸ್ಟ್ರೋಜೆನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗಂಟುಗಳಲ್ಲಿ ಈಸ್ಟ್ರೋಜೆನ್ ಗ್ರಾಹಕದ, ಅಂದರೆ ಆ ಹಾರ್ಮೋನಿನ ಸಂದೇಶ ಹಿಡಿಯುವ ಅಣುವಿನ, ಬೀಟಾ ಎಂಬ ಬಗೆ ಬಹಳ ಜಾಸ್ತಿ ಇರುತ್ತದೆ. ಅದು ಟಿಎನ್‌ಎಫ್ ಕೊಡುವ ಸಾಯುವ ಆದೇಶಕ್ಕೆ ಅಡ್ಡ ನಿಲ್ಲುತ್ತದೆ, ಜೊತೆಗೆ ಇಂಟರ್‌ಲ್ಯೂಕಿನ್ 1 ಬೀಟಾ ಹುಟ್ಟಿಸುವ ಯಂತ್ರವನ್ನು ಚಾಲೂ ಮಾಡುತ್ತದೆ ಅಂತ 2015ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಕೊಲ್ಲಲು ಕಳಿಸಿದ ಸಂದೇಶ ಕೊಲ್ಲುವುದಿಲ್ಲ, ಬರೀ ಬೆಂಕಿ ಹಚ್ಚಿ ಹೋಗುತ್ತದೆ.

ಇದಕ್ಕೆ ಕಡಿವಾಣ ಹಾಕಬೇಕಾದ್ದು ಪ್ರೊಜೆಸ್ಟರಾನ್. ಆದರೆ ಗಂಟಿನ ಕೋಶಗಳಲ್ಲಿ ಅದರ ಗ್ರಾಹಕಗಳೇ ಕಡಿಮೆ, ಹೇಳಿದರೂ ಕೇಳಿಸುವುದಿಲ್ಲ. ಉರಿಯೂತ ಹೆಚ್ಚಾದಷ್ಟೂ ಈ ಕಿವುಡು ಹೆಚ್ಚುತ್ತದೆ. ಡೈನೋಜೆಸ್ಟ್‌ನಂಥ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾಗೆ ಕೆಲಸ ಮಾಡುವ) ಮಾತ್ರೆ ಕೆಲವರಿಗೆ ಚೆನ್ನಾಗಿ ಹಿಡಿಸಿ, ಕೆಲವರಿಗೆ ಏನೂ ಮಾಡದೆ ಇರುವುದಕ್ಕೆ ಇದೂ ಒಂದು ಕಾರಣ.

ಈ ಸುತ್ತು ಅರ್ಥವಾದರೆ ಈಗಿರುವ ಚಿಕಿತ್ಸೆಯೂ ಅರ್ಥವಾಗುತ್ತದೆ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಮಿಕ್ ಆಸಿಡ್ ಎಂಬ ನೋವಿನ ಮಾತ್ರೆಗಳು ಕಾಕ್ಸ್ ಕಿಣ್ವವನ್ನು ತಡೆಯುತ್ತವೆ. ಗರ್ಭನಿರೋಧಕ ಮಾತ್ರೆ, ಪ್ರೊಜೆಸ್ಟಿನ್, ಎಲಗೊಲಿಕ್ಸ್ ಮತ್ತು ರೆಲುಗೊಲಿಕ್ಸ್ ತರದ ಹೊಸ ಮಾತ್ರೆಗಳು ಹಾರ್ಮೋನ್ ಕಡೆಯಿಂದ ತಡೆಯುತ್ತವೆ. ಎತ್ತು ನಿಧಾನವಾಗುತ್ತದೆ, ಕೆಲವೊಮ್ಮೆ ನಿಲ್ಲುತ್ತದೆ. ಮಾತ್ರೆ ಬಿಟ್ಟರೆ ಎಷ್ಟೋ ಜನರಲ್ಲಿ ಮತ್ತೆ ಶುರು.

ನೋವು

ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಇಲ್ಲಿಗೆ ಬಂದಿರುವುದು ನೋವಿನಿಂದ ಅಂತ ನನಗೆ ಗೊತ್ತು. ಹಾಗಾಗಿ ನೇರವಾಗಿ ಹೇಳುತ್ತೇನೆ. ಎಂಡೊಮೆಟ್ರಿಯೋಸಿಸ್‌ಗೆ 1ರಿಂದ 4ರವರೆಗೆ ಹಂತಗಳಿವೆ. ಆ ಹಂತಕ್ಕೂ ನೋವಿಗೂ ತಾಳೆ ಇಲ್ಲ. 4ನೇ ಹಂತದ, ಅಂಗಗಳೆಲ್ಲ ಅಂಟಿಕೊಂಡ ಹೊಟ್ಟೆ ಇಟ್ಟುಕೊಂಡು ನೋವೇ ಇಲ್ಲದವರಿದ್ದಾರೆ. ನಾಲ್ಕು ಚುಕ್ಕೆ ಇಟ್ಟುಕೊಂಡು ನೆಲ ಹಿಡಿದವರಿದ್ದಾರೆ. ಎಷ್ಟು ಅಂಗಾಂಶ ಇದೆ ಅನ್ನುವುದು ಗಂಟಿನ ಲೆಕ್ಕ. ನೋವಿನ ಲೆಕ್ಕ ನರಗಳದ್ದು, ನರಗಳ ಪಕ್ಕ ಕೂತ ಕೋಶಗಳದ್ದು.

ಮ್ಯಾಕ್ರೋಫೇಜ್ ಗಾಯ ಮಾಯಿಸುವಾಗ ನರವನ್ನೂ ಚಿಗುರಿಸುತ್ತದೆ ಅಂದೆನಲ್ಲ, ಗಂಟಿನಲ್ಲೂ ಅದೇ ಆಗುತ್ತದೆ. ಐಜಿಎಫ್ 1 ಎಂಬ ವಸ್ತುವನ್ನು ಅವು ಸುರಿಸುತ್ತವೆ, ಸಣ್ಣ ಸಣ್ಣ ನೋವಿನ ನರಗಳು ಅತ್ತ ಬೆಳೆಯುತ್ತವೆ, ಬೆಳೆದವು ಸುಮ್ನೆ ಇರುವುದಿಲ್ಲ, ಸ್ವಲ್ಪ ತಾಗಿದರೂ ಕೂಗಿಕೊಳ್ಳುವಷ್ಟು ಸೂಕ್ಷ್ಮವಾಗುತ್ತವೆ. ಇಲಿಗಳಲ್ಲಿ ಐಜಿಎಫ್ 1ರ ಗ್ರಾಹಕವನ್ನು ತಡೆದಾಗ ನೋವಿನ ವರ್ತನೆ ಇಳಿಯಿತು. ಅಲರ್ಜಿಗೆ ಹೆಸರಾದ ಮಾಸ್ಟ್ ಕೋಶಗಳೂ ಇಲ್ಲಿವೆ. ಆಳಕ್ಕಿಳಿದ ಗಂಟುಗಳಲ್ಲಿ ಅವು ನರಗಳ ಪಕ್ಕದಲ್ಲೇ, ಒಳಗಿನ ಸರಕನ್ನೆಲ್ಲ ಹೊರಗೆ ಚೆಲ್ಲಿದ ಸ್ಥಿತಿಯಲ್ಲಿ ಸಿಗುತ್ತವೆ.

ಇದು ಒಮ್ಮುಖದ ಮಾತಲ್ಲ. ನರವೂ ತಿರುಗಿ ಮಾತಾಡುತ್ತದೆ. 2024ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ತಂಡ ಇಲಿಗಳಲ್ಲಿ ತೋರಿಸಿದ್ದು ಹೀಗೆ: ನೋವಿನ ನರಗಳು ಸಿಜಿಆರ್‌ಪಿ ಎಂಬ ವಸ್ತು ಬಿಡುತ್ತವೆ, ಅದನ್ನು ಕೇಳಿಸಿಕೊಂಡ ಮ್ಯಾಕ್ರೋಫೇಜ್‌ಗಳು ಕಸ ಎತ್ತುವುದು ಬಿಟ್ಟು ಗಂಟನ್ನು ಬೆಳೆಸುವ ಕಡೆ ವಾಲುತ್ತವೆ. ಅಂದರೆ ನೋವು ಕಾಯಿಲೆಯ ಫಲ ಮಾತ್ರ ಅಲ್ಲ, ಕಾಯಿಲೆಗೆ ಗೊಬ್ಬರವೂ ಹೌದು. ಸಿಜಿಆರ್‌ಪಿ ತಡೆಯುವ ಔಷಧಿಗಳು ಮೈಗ್ರೇನಿಗೆ ಈಗಾಗಲೇ ಬಳಕೆಯಲ್ಲಿವೆ. ಅವನ್ನೇ ಈ ಇಲಿಗಳಿಗೆ ಕೊಟ್ಟಾಗ ನೋವೂ ಇಳಿಯಿತು, ಗಂಟೂ ಕುಗ್ಗಿತು. ಇಲಿಗಳಲ್ಲಿ, ನೆನಪಿರಲಿ. ಆದರೂ ಈಚೆಗೆ ಓದಿದ್ದರಲ್ಲಿ ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು ಇದು, ಯಾಕೆಂದರೆ ಇದರಲ್ಲಿ ಹಾರ್ಮೋನ್ ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ. ಮಗು ಬೇಕು ಅನ್ನುವವರಿಗೆ ಈಗಿರುವ ಬಹುತೇಕ ಹಾರ್ಮೋನ್ ಔಷಧಿಗಳು ದಾರಿಗೆ ಅಡ್ಡ.

ವರ್ಷಗಟ್ಟಲೆ ಹೀಗೇ ನಡೆದರೆ ಬೆನ್ನುಹುರಿ ಮತ್ತು ಮಿದುಳು ನೋವಿನ ದನಿಯನ್ನು ಏರಿಸಿಟ್ಟುಕೊಂಡುಬಿಡುತ್ತವೆ. ಆಮೇಲೆ ಗಂಟನ್ನು ಕತ್ತರಿಸಿ ತೆಗೆದರೂ ನೋವು ಪೂರ್ತಿ ಹೋಗದೆ ಇರಬಹುದು. "ಆಪರೇಷನ್ ಆಯ್ತಲ್ಲ, ಇನ್ನೇನು ನೋವು?" ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ಸ್ಕ್ಯಾನ್ ನಾರ್ಮಲ್ ಬಂದದ್ದಕ್ಕೆ ನೋವು ಸುಳ್ಳು ಅನ್ನುವವರಿಗೂ. ಪೊರೆಯ ಮೇಲಿನ ತೆಳು ಚುಕ್ಕೆಗಳು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಮಗುವಾಗುವ ವಿಷಯದಲ್ಲೂ ಇದೇ ದ್ರವ ಕೈಯಾಡಿಸುತ್ತದೆ. ಅಂಡಾಶಯದಿಂದ ಹೊರಬಿದ್ದ ಅಂಡ ಗರ್ಭನಾಳ ಸೇರುವಾಗ ಈ ಉರಿಯೂತದ ದ್ರವ ಅದಕ್ಕೆ ತಾಗುತ್ತದೆ, ವೀರ್ಯಾಣುಗಳಿಗೂ ಅದು ಹಿತವಲ್ಲ, ಕೆರಳಿದ ಮ್ಯಾಕ್ರೋಫೇಜ್‌ಗಳು ವೀರ್ಯಾಣುಗಳನ್ನೂ ನುಂಗುತ್ತವೆ.

ಮೊದಲು ಯಾವುದು?

ಉರಿಯೂತದಿಂದ ಗಂಟು ಬಂತೋ, ಗಂಟಿನಿಂದ ಉರಿಯೂತವೋ? ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂದ ಹಾಗೆ. ಎರಡು ಕಡೆಯೂ ಸಾಕ್ಷಿ ಇದೆ.

2021ರಲ್ಲಿ ಕಾಯಿಲೆ ಹೆಚ್ಚಾಗಿರುವ ಕುಟುಂಬಗಳನ್ನೂ ರೀಸಸ್ ಕೋತಿಗಳನ್ನೂ ಒಟ್ಟಿಗೆ ನೋಡಿದ ತಂಡವೊಂದು ಎನ್‌ಪಿಎಸ್‌ಆರ್ 1 ಎಂಬ ಜೀನ್ ಕಡೆ ಬೆರಳು ತೋರಿಸಿತು. ಅದು ಮ್ಯಾಕ್ರೋಫೇಜ್‌ಗಳಂಥ ಕೋಶಗಳಲ್ಲಿ ಕೆಲಸ ಮಾಡುವ, ಅಸ್ತಮಾಗೂ ನಂಟಿರುವ ಜೀನ್. 2023ರಲ್ಲಿ 60,000ಕ್ಕೂ ಹೆಚ್ಚು ರೋಗಿಗಳ ಜೀನ್ ಹುಡುಕಾಟದಲ್ಲಿ ಕಾಯಿಲೆಗೆ ನಂಟಿರುವ, ಡಿಎನ್ಎಯ 42 ಜಾಗಗಳು ಸಿಕ್ಕವು. ಮೈಗ್ರೇನ್, ಬೆನ್ನುನೋವಿನಂಥ ಬೇರೆ ನೋವುಗಳ ಜೊತೆ ಇವು ಪಾಲು ಹಂಚಿಕೊಂಡಿವೆ. ಹುಟ್ಟಿನಿಂದಲೇ ವಾಲಿರುವ ಏನೋ ಒಂದು ಇದೆ ಅನ್ನುವುದಕ್ಕೆ ಇದು ಸಾಕ್ಷಿ.

ಅದೇ 2023ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ಇನ್ನೊಂದು ದಿಕ್ಕಿನದು. ಕಾಯಿಲೆ ಇದ್ದವರಲ್ಲಿ 64 ಶೇಕಡಾ ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಇಲ್ಲದವರಲ್ಲಿ 10 ಶೇಕಡಾಕ್ಕೂ ಕಡಿಮೆ. ಬಾಯಲ್ಲಿ, ಒಸಡಿನ ಕಾಯಿಲೆಯಲ್ಲಿ ಕಾಣುವ ಬ್ಯಾಕ್ಟೀರಿಯಾ ಇದು. ಅದು ಮ್ಯಾಕ್ರೋಫೇಜ್‌ಗಳಿಂದ ಟಿಜಿಎಫ್ ಬೀಟಾ ಸುರಿಸುವಂತೆ ಮಾಡಿ ಒಳಪದರದ ಕೋಶಗಳನ್ನು ಅಂಟುವ, ಹರಿದಾಡುವ ಸ್ವಭಾವಕ್ಕೆ ತಿರುಗಿಸುತ್ತದೆ ಅನ್ನುವುದು ಅವರ ವಾದ. ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟರೆ ಗಂಟು ಕಡಿಮೆಯಾಯಿತು. ಒಂದೇ ದೇಶದ 155 ಹೆಂಗಸರ ಮೇಲೆ ನಡೆದ ಅಧ್ಯಯನ ಇದು. ಇದನ್ನು ಓದಿ ಯಾರೂ ಆಂಟಿಬಯಾಟಿಕ್ ನುಂಗಲು ಹೊರಡಬೇಡಿ.

ಆಟೋಇಮ್ಯೂನ್ ಕಾಯಿಲೆಯೇ ಇದು ಅನ್ನುವ ಮಾತೂ ಓಡಾಡುತ್ತಿದೆ. ಕಾರಣ ಇಲ್ಲದಿಲ್ಲ. ಎಂಡೊಮೆಟ್ರಿಯೋಸಿಸ್ ಇರುವವರಿಗೆ ರುಮಟಾಯ್ಡ್ ಸಂಧಿವಾತ, ಮಲ್ಟಿಪಲ್ ಸ್ಕ್ಲೆರೋಸಿಸ್, ಸೀಲಿಯಾಕ್‌ನಂಥ ಕಾಯಿಲೆ ಬರುವ ಸಾಧ್ಯತೆ 30ರಿಂದ 80 ಶೇಕಡಾದಷ್ಟು ಹೆಚ್ಚು ಅಂತ 2025ರಲ್ಲಿ ಆಕ್ಸ್‌ಫರ್ಡ್ ತಂಡ ಬರೆಯಿತು. ಇದನ್ನು ಕೇಳಿ ಗಾಬರಿ ಆಗಬೇಕಿಲ್ಲ. ಮೊದಲೇ ಚಿಕ್ಕದಾಗಿರುವ ಅಪಾಯ ಅಷ್ಟು ಹೆಚ್ಚಾದರೂ ಚಿಕ್ಕದೇ. ನಂಟು ನಿಜ. ಆದರೆ ಆಟೋಇಮ್ಯೂನ್ ಅನ್ನಬೇಕಾದರೆ ದೇಹ ತನ್ನದೇ ಅಂಗವನ್ನು ಗುರಿಯಿಟ್ಟು ನಾಶ ಮಾಡುತ್ತಿರಬೇಕು. ಇಲ್ಲಿ ತೊಂದರೆ ಉಲ್ಟಾ, ನಾಶ ಮಾಡಬೇಕಾದ್ದನ್ನು ಸಾಕುತ್ತಿದೆ. ಹೆಸರು ತಪ್ಪಾದರೆ ಔಷಧಿಯೂ ತಪ್ಪಾಗುತ್ತದೆ.

ಹಾಗೆ ಆದದ್ದೂ ಉಂಟು. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಡೊಮೆಟ್ರಿಯೋಸಿಸ್‌ನಲ್ಲೂ ಟಿಎನ್‌ಎಫ್ ಜಾಸ್ತಿ ಇದೆಯಲ್ಲ ಅಂತ ಆಳದ ಗಂಟು ಇರುವವರಿಗೆ ಕೊಟ್ಟು ನೋಡಿದರು, 2008ರಲ್ಲಿ ಫಲಿತಾಂಶ ಬಂತು. ನಿಜವಾದ ಔಷಧಿ ತಗೊಂಡವರಿಗೂ, ಬರೀ ಹುಸಿ ಔಷಧಿ ತಗೊಂಡವರಿಗೂ ನೋವು ಒಂದೇ ಸಮ ಇಳಿಯಿತು. ಅಂದರೆ ಔಷಧಿಯಿಂದ ಏನೂ ಆಗಲಿಲ್ಲ. ಬಬೂನ್ ಕೋತಿಗಳಲ್ಲಿ ಟಿಎನ್‌ಎಫ್ ತಡೆ ಫಲ ಕೊಟ್ಟಿತ್ತು. ಮನುಷ್ಯರಲ್ಲಿ ಯಾಕಿಲ್ಲ?

ನನಗೆ ತೋಚುವ ಉತ್ತರ ಸಮಯಕ್ಕೆ ಸಂಬಂಧಿಸಿದ್ದು. ಲಕ್ಷಣ ಶುರುವಾಗಿ ಕಾಯಿಲೆಗೆ ಹೆಸರು ಸಿಗುವಷ್ಟರಲ್ಲಿ ಎಷ್ಟೋ ಜನಕ್ಕೆ ನಾಲ್ಕರಿಂದ ಹನ್ನೆರಡು ವರ್ಷ ಆಗಿರುತ್ತದೆ. ಅಷ್ಟು ಹೊತ್ತಿಗೆ ಟಿಜಿಎಫ್ ಬೀಟಾ ನಾರು ಹಾಸುವ ತನ್ನ ಕೆಲಸ ಮುಗಿಸಿರುತ್ತದೆ. ಗಂಟಿನ ಬಹುಪಾಲು ಈಗ ಕೋಶವಲ್ಲ, ನಾರು. ಅಂಡಾಶಯ ಗರ್ಭಕೋಶಕ್ಕೆ, ಗರ್ಭಕೋಶ ಕರುಳಿಗೆ ಅಂಟಿಕೊಂಡಿದೆ. ಬೆಂಕಿ ಆರಿಸುವ ಔಷಧಿ ಸುಟ್ಟ ಮನೆಯನ್ನು ಕಟ್ಟಿಕೊಡುವುದಿಲ್ಲ. ಅದಕ್ಕೇ ಜಪಾನಿನಲ್ಲಿ ತಯಾರಾದ, ಇಂಟರ್‌ಲ್ಯೂಕಿನ್ 8 ತಡೆಯುವ ಎಎಂವೈ 109 ಎಂಬ ಪ್ರತಿಕಾಯದ ಬಗ್ಗೆ ಕುತೂಹಲ ಇರುವುದು. ಕೋತಿಗಳಲ್ಲಿ ಅದು ಗಂಟನ್ನಷ್ಟೇ ಅಲ್ಲ, ನಾರು ಮತ್ತು ಅಂಟುಗಳನ್ನೂ ಕಡಿಮೆ ಮಾಡಿತು ಅಂತ 2023ರಲ್ಲಿ ಪ್ರಕಟವಾಯಿತು.

ಇಲಿಗಳ ಬಗ್ಗೆ ಒಂದು ಮಾತು. ಮೇಲೆ ಎಷ್ಟು ಸಲ ಇಲಿ ಅಂತ ಬಂತು ನೋಡಿ. ಪ್ರಯೋಗಾಲಯದ ಇಲಿಗೆ ಮುಟ್ಟೇ ಆಗುವುದಿಲ್ಲ! ಮುಟ್ಟಾಗುವ ಪ್ರಾಣಿಗಳು ಬೆರಳೆಣಿಕೆಯಷ್ಟು: ಮನುಷ್ಯರು, ಕೆಲವು ಕೋತಿ ವಾನರಗಳು, ಕೆಲವು ಬಾವಲಿಗಳು, ಎಲಿಫೆಂಟ್ ಶ್ರೂ ಎಂಬ ಪುಟ್ಟ ಜೀವಿ, 2016ರಲ್ಲಿ ಗೊತ್ತಾದ ಒಂದು ಜಾತಿಯ ಮುಳ್ಳಿಲಿ. ಮುಟ್ಟಾಗದ ಪ್ರಾಣಿಯ ಹೊಟ್ಟೆಗೆ ತುಣುಕು ಹಾಕಿ ಮುಟ್ಟಿನ ಕಾಯಿಲೆ ಅರ್ಥ ಮಾಡಿಕೊಳ್ಳುವ ಪಾಡು ಇದು. ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯರಲ್ಲಿ ಸೋತರೆ ಆಶ್ಚರ್ಯವೇನು?

ಇಷ್ಟೊಂದು ಉರಿಯೂತ ಇದ್ದರೆ ರಕ್ತಪರೀಕ್ಷೆಯಲ್ಲೇ ಗೊತ್ತಾಗಬೇಕಲ್ವಾ ಅಂತ ಕೇಳಬಹುದು. ಗೊತ್ತಾಗುವುದಿಲ್ಲ. ಉರಿಯುತ್ತಿರುವುದು ಹೊಟ್ಟೆಯೊಳಗಿನ ಆ ಕೆಲವು ಚಮಚೆ ದ್ರವದಲ್ಲಿ, ತೋಳಿನ ರಕ್ತಕ್ಕೆ ಬರುವ ಹೊತ್ತಿಗೆ ಅದು ತೆಳುವಾಗಿರುತ್ತದೆ. ಸಿಆರ್‌ಪಿ ಎಂಬ ಉರಿಯೂತದ ಪರೀಕ್ಷೆ ನಾರ್ಮಲ್ ಇರಬಹುದು. ರಕ್ತದಲ್ಲಿ ಸಿಎ 125 ಎಂಬ ಪ್ರೋಟೀನ್ ಏರಬಹುದು, ಆದರೆ ಅದು ಮುಟ್ಟಿನ ದಿನಗಳಲ್ಲೂ ಬೇರೆ ಹತ್ತಾರು ಕಾರಣಕ್ಕೂ ಏರುತ್ತದೆ. ಹಾಗಾಗಿ ರಕ್ತದ ರಿಪೋರ್ಟ್ ನೋಡಿ ಕಾಯಿಲೆ ಇಲ್ಲ ಅನ್ನುವಂತಿಲ್ಲ. ಮೊದಲೆಲ್ಲ ಲ್ಯಾಪರೋಸ್ಕೋಪಿ ಮಾಡಿ ಕಣ್ಣಾರೆ ನೋಡದೆ ಹೆಸರು ಕೊಡುತ್ತಿರಲಿಲ್ಲ. 2022ರ ಯುರೋಪಿನ ಮಾರ್ಗಸೂಚಿ ಅದನ್ನು ಬದಲಿಸಿತು. ಲಕ್ಷಣ ಕೇಳಿ, ಸ್ಕ್ಯಾನ್ ಮಾಡಿ, ಚಿಕಿತ್ಸೆ ಶುರು ಮಾಡಬಹುದು, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧಿ ಫಲಿಸದಿದ್ದಾಗ ಲ್ಯಾಪರೋಸ್ಕೋಪಿ ಅಂದಿತು. ಬೆಂಕಿ ಸಣ್ಣದಿರುವಾಗಲೇ ಕೈಹಾಕಲು ಇದು ಅನುಕೂಲ.

ಕೊನೆಗೆ ಮಾರುವವರ ಬಗ್ಗೆ. ಉರಿಯೂತ ಅನ್ನುವ ಪದ ಸಿಕ್ಕಿದ್ದೇ ತಡ, ಎಂಡೊಮೆಟ್ರಿಯೋಸಿಸ್‌ಗೆ "ಇಮ್ಯೂನಿಟಿ ಬೂಸ್ಟರ್" ಪುಡಿ, ಮಾತ್ರೆ, ಡಯಟ್ ಚಾರ್ಟ್ ಹಿಡಿದು ಬಂದವರಿಗೆ ಲೆಕ್ಕವಿಲ್ಲ. ಒಳ್ಳೆ ಊಟದಿಂದ, ನಡೆದಾಡುವುದರಿಂದ, ನಿದ್ದೆಯಿಂದ ಕೆಲವರಿಗೆ ಹಿತ ಅನಿಸುತ್ತದೆ, ಅದನ್ನು ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಗಂಟನ್ನು ಕರಗಿಸುತ್ತದೆ ಅಂತ ಸಾಬೀತಾದ ಪುಡಿ ಇಲ್ಲ. ಬೂಸ್ಟರ್ ಅನ್ನುವ ಮಾತಂತೂ ಬುಡದಲ್ಲೇ ತಪ್ಪು. ಇಲ್ಲಿ ಕಾವಲುಗಾರರಿಗೆ ಶಕ್ತಿ ಸಾಲದೆ ಹೀಗಾಗಿಲ್ಲ, ಅವರು ಆಗಲೇ ಹಗಲೂ ರಾತ್ರಿ ದುಡಿಯುತ್ತಿದ್ದಾರೆ, ತಪ್ಪು ಗಿಡಕ್ಕೆ. ಇನ್ನೊಂದಿಷ್ಟು ಬಲ ಕೊಟ್ಟರೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಪುಡಿ ಮಾರುವವರನ್ನು ಒಮ್ಮೆ ಕೇಳಿ ನೋಡಿ.